ಸ್ಕೂಟರಿನ ಉಸಿರು: ಚೇತಕ್ ಸೈಲೆನ್ಸರ್ ಸುಟ್ಟ ಕಾಲದಿಂದ ‘ಫ್ರೀ ಫ್ಲೋ’ ತನಕ

ಮೊದಲು ಒಂದು ಸದ್ದು ಕೇಳಿಸ್ತೀನಿ. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ರಿ.

[ಸ್ಕೂಟರ್ ಸದ್ದು]

ಇದು ರಾಯಚೂರಿನ ತೀನ್ ಕಂದೀಲ್ ಹತ್ತಿರ ರಾತ್ರಿ ಹತ್ತೂವರೆಗೆ ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು. ಬುಲೆಟ್ ಅಲ್ಲ, ಆರ್‌ಎಕ್ಸ್ ಅಲ್ಲ. ಮನೆಮನೆಯಲ್ಲಿರೋ, ಅಕ್ಕ-ಅಮ್ಮಂದಿರೂ ಓಡಿಸೋ 110 ಸಿಸಿ ಸ್ಕೂಟರ್. ಸೈಲೆನ್ಸರ್ ಕೊಯ್ದು, ಒಳಗಿನ ತಗಡುಗಳನ್ನೆಲ್ಲ ತೆಗೆದು, ಮತ್ತೆ ವೆಲ್ಡಿಂಗ್ ಹೊಡೆದಿದ್ದಾರೆ. ಗಾಳಿ ಎಳೆಯೋ ಕಡೆ ಏರ್ ಫಿಲ್ಟರ್ ಡಬ್ಬಿ ಕಿತ್ತು, ಕೋನ್ ಆಕಾರದ ಒಂದು ಫಿಲ್ಟರ್ ಸಿಕ್ಕಿಸಿದ್ದಾರೆ. ಓಡಿಸ್ತಿದ್ದವನು ನನ್ನ ಅಕ್ಕನ ಮಗನ ಗೆಳೆಯ.

ಅಕ್ಕನ ಮನೆ ಮಾನ್ವಿಯಲ್ಲಿ. ಅಳಿಯ ರಾಯಚೂರಿನಲ್ಲಿ ಓದ್ತಾನೆ, ವಾರಕ್ಕೊಮ್ಮೆ ಸ್ಕೂಟರಿನಲ್ಲೇ ಊರಿಗೆ ಹೋಗಿ ಬರ್ತಾನೆ. ಅವನದೂ ಅದೇ ಬೇಡಿಕೆ. “ಮಾಮಾ, ಗಾಳಿ ಫ್ರೀ ಆಗಿ ಒಳಗ ಹೋಗಿ ಫ್ರೀ ಆಗಿ ಹೊರಗ ಬಂದ್ರ ಪಿಕಪ್ ಬರ್ತದ. ಮಿಸ್ತ್ರಿನೇ ಹೇಳ್ಯಾನ. ಅವ್ವಗ ಹೇಳಬ್ಯಾಡ, ರೊಕ್ಕ ನೀ ಕೊಡು.”

ನಾನು ಬೈಲಿಲ್ಲ. ಯಾಕಂದ್ರೆ ಇದೇ ಮಾತನ್ನ ನಾನೂ ಅವನ ವಯಸ್ಸಿನಲ್ಲಿ ನಂಬಿದ್ದೆ, ನಂಬಿ ಒಂದು ಎಂಜಿನ್ ಕೊಂದಿದ್ದೆ. ಅದನ್ನ ಆಮೇಲೆ ಹೇಳ್ತೀನಿ. ಆದ್ರೆ ಅವನ ಮಾತು ಕೇಳಿದಾಗಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. “ಸೈಲೆನ್ಸರ್ ಖಾಲಿ ಮಾಡಿದ್ರೆ ಗಾಡಿ ಓಡ್ತದ” ಅನ್ನೋ ಮಾತು ನಮ್ಮ ಊರುಗಳಿಗೆ ಬಂದಿದ್ದು ಎಲ್ಲಿಂದ? ಹುಡುಕ್ತಾ ಹೋದಾಗ ಗೊತ್ತಾಗಿದ್ದೇನಂದ್ರೆ, ಅದು ಸುಳ್ಳಲ್ಲ. ಒಂದು ಕಾಲದಲ್ಲಿ, ಒಂದು ಥರದ ಸ್ಕೂಟರಿಗೆ, ರಾಯಚೂರಿನಂಥ ಬಿಸಿಲೂರಿನಲ್ಲಿ, ಅದು ನೂರಕ್ಕೆ ನೂರು ನಿಜವಾಗಿತ್ತು. ಇವತ್ತಿನ ಕಥೆ ಅದೇ.

ಮೊದಲು ಉಸಿರಿನ ಲೆಕ್ಕ ಮಾಡೋಣ. ಸ್ಕೂಟರ್ ಪೆಟ್ರೋಲ್ ಕುಡೀತದೆ ಅಂತೀವಿ. ಅಸಲಿಗೆ ಅದು ಕುಡಿಯೋದಕ್ಕಿಂತ ಉಸಿರಾಡೋದೇ ಹೆಚ್ಚು. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯೋಕೆ ಹದಿನಾಲ್ಕೂವರೆ ಕಿಲೋಗಿಂತ ಸ್ವಲ್ಪ ಜಾಸ್ತಿ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳೋದಾದ್ರೆ, ಒಂದು ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 9,000 ಲೀಟರ್ ಗಾಳಿ. ರಾಯಚೂರಿಂದ ದೇವದುರ್ಗಕ್ಕೆ ಹೋಗಿ ವಾಪಸ್ ಬಂದ್ರೆ ನೂರು ಕಿಲೋಮೀಟರ್ ಮೇಲಾಗ್ತದೆ; ಎರಡು ಲೀಟರ್ ಪೆಟ್ರೋಲ್ ಅಂತ ಹಿಡಿದ್ರೂ 18,000 ಲೀಟರ್ ಗಾಳಿ ಆ ಸಣ್ಣ ಎಂಜಿನ್ ಒಳಗೆ ಹಾದು ಹೋಗಿರ್ತದೆ. ನಾವು ಸುಮ್ಮನೆ ಕೂತಾಗ ನಿಮಿಷಕ್ಕೆ ಆರೇಳು ಲೀಟರ್ ಉಸಿರಾಡ್ತೀವಿ. 110 ಸಿಸಿ ಸ್ಕೂಟರ್ ಜೋರಾಗಿ ಓಡುವಾಗ ನಿಮಿಷಕ್ಕೆ 250ರಿಂದ 300 ಲೀಟರ್ ಎಳೀತದೆ. ನಲವತ್ತು ಜನ ಒಟ್ಟಿಗೆ ಉಸಿರಾಡಿದಂಗೆ.

ಈಗ ಆ ಗಾಳಿ ಎಂಥದ್ದು ನೋಡ್ರಿ. ಸುಗ್ಗಿಯಲ್ಲಿ ದೇವದುರ್ಗದ ಕಡೆ ಎರೆಮಣ್ಣಿನ ರಸ್ತೆಯಲ್ಲಿ ಮುಂದೆ ಒಂದು ಟ್ರ್ಯಾಕ್ಟರ್ ಇದ್ರೆ ಸಾಕು, ಹಿಂದಿದ್ದವನಿಗೆ ದಾರಿ ಕಾಣಂಗಿಲ್ಲ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ಕೊಯ್ಲಾದ ಮೇಲೆ ರಸ್ತೆ ಮೇಲೇ ಒಣಹಾಕಿರ್ತಾರೆ, ಹೊಟ್ಟು ಹಾರ್ತಿರ್ತದೆ. ರಾಯಚೂರಿಗೆ ಬಂದ್ರೆ ರೈಸ್ ಮಿಲ್ಲಿನ ತೌಡು, ಜಿನ್ನಿಂಗ್ ಫ್ಯಾಕ್ಟರಿಗಳ ಹತ್ತಿ ನೂಲು, ಶಕ್ತಿನಗರದ ಕಡೆ ಹೋದ್ರೆ ಥರ್ಮಲ್ ಸ್ಟೇಷನ್ನಿನ ಬೂದಿ. ಈ ಗಾಳಿಯನ್ನ ಸೋಸದೆ ಎಂಜಿನ್ನಿಗೆ ಕೊಟ್ರೆ, ಸಿಲಿಂಡರ್ ಒಳಗೆ ಮರಳು ಕಾಗದ ಹಾಕಿ ತಿಕ್ಕಿದಂಗೆ.

ಇದನ್ನ ಮೊದಲೇ ಯೋಚಿಸಿದ್ದ ಒಬ್ಬ ಮನುಷ್ಯನಿದ್ದ. ಇಟಲಿಯ ಕೊರಾದಿನೊ ದಾಸ್ಕಾನಿಯೊ. ಮೂಲತಃ ವಿಮಾನದ ಎಂಜಿನಿಯರ್. 1930ರಲ್ಲೇ ಹೆಲಿಕಾಪ್ಟರ್ ಹಾರಿಸಿ ದಾಖಲೆ ಮಾಡಿದವನು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪಿಯಾಜಿಯೊ ಕಂಪನಿಗೆ ಅವನು ಮಾಡಿಕೊಟ್ಟ ವಿನ್ಯಾಸವೇ ವೆಸ್ಪಾ, ಪೇಟೆಂಟ್ ಅರ್ಜಿ 1946ರ ಏಪ್ರಿಲ್‌ನದು. ಅವನಿಗೆ ಮೋಟರ್‌ಸೈಕಲ್ ಅಂದ್ರೆ ಆಗ್ತಿರಲಿಲ್ಲ, ಬಟ್ಟೆ ಕೊಳೆ ಆಗ್ತದೆ ಅಂತ. ಆದ್ದರಿಂದ ಎಂಜಿನ್ನನ್ನ ತಗಡಿನ ಕವಚದೊಳಗೆ ಮುಚ್ಚಿಟ್ಟ. ಮುಚ್ಚಿದ ಎಂಜಿನ್ನಿಗೆ ಉಸಿರು ಎಲ್ಲಿಂದ? ತಂಪು ಮಾಡೋಕೆ ಫ್ಲೈವ್ಹೀಲಿಗೇ ರೆಕ್ಕೆ ಕೂರಿಸಿ ಫ್ಯಾನ್ ಮಾಡಿದರು. ಉರಿಯೋ ಗಾಳಿಯನ್ನ ಮುಂದೆ, ನಮ್ಮ ಕಾಲದ ಮಾಡೆಲ್‌ಗಳಲ್ಲಿ, ನೇರ ಹೊರಗಿನಿಂದ ಎಳೆಯೋದು ಬಿಟ್ಟು ಸ್ಕೂಟರಿನ ಮೈಯೊಳಗಿಂದ, ಸೀಟಿನ ಕೆಳಗಿನ ಜಾಗದಿಂದ, ಒಂದು ರಬ್ಬರ್ ಕೊಳವೆ ಮೂಲಕ ಕಾರ್ಬೋರೇಟರ್ ಡಬ್ಬಿಗೆ ತಂದರು. ಚಕ್ರ ಎಬ್ಬಿಸೋ ಧೂಳು, ಮಳೆನೀರು ಅಲ್ಲಿಗೆ ಸುಲಭಕ್ಕೆ ತಲುಪಂಗಿಲ್ಲ. ಎಪ್ಪತ್ತು ವರ್ಷದ ಹಿಂದಿನ ಏರ್ ಇನ್‌ಟೇಕ್ ಅದು. ಬಲಗಡೆಯ ಡುಬ್ಬ ಬಿಚ್ಚಿ ನೋಡಿದವರಿಗೆ ಗೊತ್ತು.

ಭಾರತಕ್ಕೆ ವೆಸ್ಪಾ ಬಂದಿದ್ದು 1948ರ ಹೊತ್ತಿಗೆ, ಬಜಾಜ್ ಮನೆತನದ ಕಂಪನಿ ಆಮದು ಮಾಡ್ತಿತ್ತು. ಅದೇ ವರ್ಷ ಸೆಪ್ಟೆಂಬರ್ 17ಕ್ಕೆ ನಮ್ಮ ರಾಯಚೂರು ನಿಜಾಮರ ಕೈಯಿಂದ ಬಿಡುಗಡೆ ಆಯ್ತು. ಎರಡಕ್ಕೂ ಸಂಬಂಧ ಇಲ್ಲ ಬಿಡ್ರಿ, ಆದ್ರೆ ನನಗೆ ಈ ತಾರೀಖುಗಳನ್ನ ಪಕ್ಕಪಕ್ಕ ಇಟ್ಟು ನೋಡೋ ಚಟ. ಆಮೇಲೆ ಬಜಾಜ್ ಇಲ್ಲೇ ತಯಾರಿಸೋಕೆ ಶುರು ಮಾಡ್ತು. ಪಿಯಾಜಿಯೊ ಜತೆಗಿನ ಒಪ್ಪಂದ 1971ಕ್ಕೆ ಮುಗೀತು. 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿನಲ್ಲಿ ಚೇತಕ್ ಬಂತು. 145 ಸಿಸಿ, ಟೂ ಸ್ಟ್ರೋಕ್, ಮೈ ಪೂರ್ತಿ ವೆಸ್ಪಾದ್ದೇ. ಲೈಸೆನ್ಸ್ ರಾಜ್ ಕಾಲ; ವರ್ಷಕ್ಕೆ ಎಷ್ಟು ಸ್ಕೂಟರ್ ಮಾಡಬೇಕು ಅಂತ ಸರಕಾರ ಹೇಳ್ತಿತ್ತು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಕೆಲವರು ಹತ್ತು ವರ್ಷ ಕಾದಿದ್ದುಂಟು. ಈಗ ಆ್ಯಪ್‌ನಲ್ಲಿ ಡೆಲಿವರಿ ಹತ್ತು ನಿಮಿಷ ತಡ ಆದ್ರೆ ಕಂಪ್ಲೇಂಟ್ ಹಾಕ್ತೀವಿ.

ಹತ್ತು ವರ್ಷ ಕಾದು ತಂದ ಸ್ಕೂಟರನ್ನ ಜನ ಹೆಂಗೆ ನೋಡ್ಕೋತಿದ್ರು? ಮಗು ನೋಡ್ಕೊಂಡಂಗೆ. ಸಮಸ್ಯೆ ಶುರುವಾಗಿದ್ದು ಅಲ್ಲೇ.

ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಂಜಿನ್ ಆಯಿಲ್ ಇರಲ್ಲ. ಪೆಟ್ರೋಲಿನ ಜತೆಗೇ ಆಯಿಲ್ ಕಲಸಬೇಕು, ಅದು ಉರೀತಾ ಉರೀತಾ ಪಿಸ್ಟನ್ನಿಗೆ ಜಿಡ್ಡು ಕೊಡಬೇಕು. ಮೊದಲ ಕಾಲದ ವೆಸ್ಪಾಗಳಿಗೆ ನೂರಕ್ಕೆ ಐದು ಪಾಲು ಆಯಿಲ್ ಬೇಕಿತ್ತು. 1950ರ ದಶಕದ ಕೊನೆಗೆ ಪಿಯಾಜಿಯೊ ಗಾಳಿ ಒಳಗೆ ಬರೋ ದಾರಿಯನ್ನೇ ಬದಲಿಸ್ತು. ಕಾರ್ಬೋರೇಟರಿನಿಂದ ಬರೋ ಮಿಶ್ರಣ ನೇರವಾಗಿ ಕ್ರ್ಯಾಂಕ್ ಮೇಲೇ ಬೀಳಬೇಕು, ತಿರುಗೋ ಕ್ರ್ಯಾಂಕೇ ಬಾಗಿಲಿನಂಗೆ ತೆಗೆದು ಮುಚ್ಚಬೇಕು, ಹಂಗೆ ಮಾಡಿದರು. ಆಯಿಲ್ ಬೇಕಾದ ಜಾಗಕ್ಕೇ ಬೀಳೋದರಿಂದ ಐದು ಪಾಲು ಎರಡಕ್ಕೆ ಇಳೀತು. ಅಂದ್ರೆ ಲೀಟರಿಗೆ 20 ಮಿಲಿ. ಏರ್ ಇನ್‌ಟೇಕ್ ಸುಧಾರಿಸಿದ್ದಕ್ಕೆ ಸೈಲೆನ್ಸರಿನ ಹೊಗೆ ಕಮ್ಮಿ ಆಯ್ತು. ಸ್ಕೂಟರಿನ ಉಸಿರಿನ ದಾರಿಯಲ್ಲಿ ಮಾಡಿದ ಬದಲಾವಣೆಗಳಲ್ಲಿ ಇದು ನನಗೆ ಬಹಳ ಇಷ್ಟವಾದದ್ದು. ಸದ್ದಿಲ್ಲ, ಶೋಕಿ ಇಲ್ಲ, ಆದ್ರೆ ಕೆಲಸ ಮಾಡ್ತು.

ಆದ್ರೆ ನಮ್ಮ ಊರಿನ ಲೆಕ್ಕ ಬೇರೆ. ರಾಯಚೂರು ರಾಜ್ಯದ ಅತಿ ಬಿಸಿ ಊರುಗಳಲ್ಲಿ ಒಂದು. ಮೇ ತಿಂಗಳಲ್ಲಿ 43, 44 ಡಿಗ್ರಿ ಏನೂ ಹೊಸದಲ್ಲ. ಅಂಥ ಬಿಸಿಲಿನಲ್ಲಿ ಹೆಂಡತಿ, ಎರಡು ಮಕ್ಕಳು, ಒಂದು ಜೋಳದ ಚೀಲ ಹೇರಿಕೊಂಡು ಹೋಗೋ ಮನುಷ್ಯನಿಗೆ ಒಂದೇ ಹೆದರಿಕೆ: ಪಿಸ್ಟನ್ ಹಿಡಿದುಕೊಂಡ್ರೆ? ಅದಕ್ಕೆ ಪೆಟ್ರೋಲ್ ಬಂಕಿನಲ್ಲಿ ಒಂದು ಮಾತು ಖಾಯಂ. “ಆಯಿಲ್ ಸ್ವಲ್ಪ ಮುಂದ ಹಾಕ್ರಿ.” 20 ಮಿಲಿ ಜಾಗದಲ್ಲಿ 30, 40. ನಮ್ಮಪ್ಪ ಮನೆಯಲ್ಲೊಂದು ಬಾಟ್ಲಿ ಇಟ್ಟುಕೊಂಡು ಮುಚ್ಚಳದಲ್ಲಿ ಅಳೆದು ಮತ್ತೆ ಹಾಕ್ತಿದ್ದ. ಪ್ರೀತಿಯಿಂದ ಹಾಕಿದ ಆ ಜಾಸ್ತಿ ಎಣ್ಣೆ ಪೂರ್ತಿ ಉರೀತಿರಲಿಲ್ಲ. ನೀಲಿ ಹೊಗೆಯಾಗಿ ಸ್ವಲ್ಪ ಹೊರಗೆ ಹೋಗ್ತಿತ್ತು. ಉಳಿದದ್ದು ಕರೀ ಟಾರಿನಂಗೆ ಸೈಲೆನ್ಸರಿನ ಒಳಗೋಡೆಗೆ, ಸಿಲಿಂಡರಿನ ಎಕ್ಸಾಸ್ಟ್ ಬಾಯಿಗೆ ಮೆತ್ತಿಕೊಳ್ತಿತ್ತು. ವರ್ಷ ಕಳೆದಂಗೆ ದಾರಿ ಸಣ್ಣದಾಗ್ತಾ ಆಗ್ತಾ, ಎಂಜಿನ್ನಿಗೆ ಉಸಿರು ಬಿಡೋಕೇ ಆಗ್ತಿರಲಿಲ್ಲ. ಟೂ ಸ್ಟ್ರೋಕಿನಲ್ಲಿ ಹಳೇ ಹೊಗೆ ಹೊರಗೆ ಹೋಗೋದೂ ಹೊಸ ಮಿಶ್ರಣ ಒಳಗೆ ಬರೋದೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಒಳಗಿದ್ದದ್ದು ಹೋಗದಿದ್ರೆ ಹೊಸದಕ್ಕೆ ಜಾಗ ಇಲ್ಲ. ಗಾಡಿ ಏರು ಹತ್ತಂಗಿಲ್ಲ, ಪ್ಲಗ್ ಕರೀ ಆಗ್ತದೆ, ಸೈಡಿಗೆ ವಾಲಿಸಿ ಹತ್ತು ಕಿಕ್ ಹೊಡೆದ್ರೂ ಸ್ಟಾರ್ಟ್ ಆಗಲ್ಲ.

ಆಗ ಮಿಸ್ತ್ರಿ ಹತ್ತಿರ ಹೋಗೋದು. ಸ್ಟೇಷನ್ ರೋಡಿನ ಕಡೆ ಒಬ್ಬ ಮಿಸ್ತ್ರಿ ಇದ್ದ. ವಯಸ್ಸಾದವನು, ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವಾಕ್ಯದಲ್ಲಿ ಮಾತಾಡ್ತಿದ್ದ. ಸ್ಕೂಟರ್ ಸ್ಟಾರ್ಟ್ ಮಾಡಿ ಸೈಲೆನ್ಸರ್ ಬಾಯಿಗೆ ಅಂಗೈ ಅಡ್ಡ ಹಿಡೀತಿದ್ದ. ಅಷ್ಟೇ ಅವನ ಟೆಸ್ಟಿಂಗ್ ಮಷೀನು. “ತಮ್ಮಾ, ಇದು ಉಸುರು ಬಿಡವಲ್ದು.” ಎಂಜಿನ್ ಕೆಳಗಿನ ಆ ಚಪ್ಪಟೆ ಡಬ್ಬಿ ಬಿಚ್ಚಿ, ಕಟ್ಟಿಗೆ ಬೆಂಕಿಯಲ್ಲಿ ಇಡ್ತಿದ್ದ. ಒಳಗಿನ ಎಣ್ಣೆಗೆ ಬೆಂಕಿ ಹತ್ತಿ, ಸೈಲೆನ್ಸರ್ ಬಾಯಿಂದ ಜ್ವಾಲೆ ಬರ್ತಿತ್ತು. ನಮಗೆ ಮಕ್ಕಳಿಗೆ ಅದೊಂದು ತಮಾಷೆ. ಆರಿದ ಮೇಲೆ ಕಟ್ಟಿಗೆ ಸುತ್ತಿಗೆಯಿಂದ ಬಡಿದ್ರೆ ಕರೀ ಚಕ್ಕೆಗಳು ಬೊಗಸೆ ಬೊಗಸೆ ಉದುರ್ತಿದ್ದವು. ಕೆಲವರು ಬೆಂಕಿ ಬದಲು ಕಾಸ್ಟಿಕ್ ಸೋಡಾ ನೀರು ತುಂಬಿ ರಾತ್ರಿಯೆಲ್ಲ ಬಿಡ್ತಿದ್ರು.

ಮತ್ತೆ ಜೋಡಿಸಿ ಓಡಿಸಿದ್ರೆ? ಹೊಸ ಗಾಡಿ. ನಿಜವಾಗಿ. ದೇವದುರ್ಗದ ರೋಡಿನಲ್ಲಿ ಮೂರನೇ ಗೇರಿಗೆ ಇಳಿಸಬೇಕಾಗ್ತಿದ್ದ ಏರು ನಾಲ್ಕರಲ್ಲೇ ಹತ್ತಿಬಿಡ್ತಿತ್ತು.

ಕೇಳುಗರೇ, ಇಲ್ಲಿಂದಲೇ ಬಂದಿದ್ದು ಆ ಮಾತು. “ಸೈಲೆನ್ಸರ್ ಖಾಲಿ ಮಾಡಿದ್ರೆ ಪಿಕಪ್ ಬರ್ತದ.” ಒಂದು ತಲೆಮಾರಿನ ಸ್ಕೂಟರ್ ಸವಾರರು ಕಣ್ಣಾರೆ ಕಂಡಿದ್ದು. ಆದ್ರೆ ಮಿಸ್ತ್ರಿ ಮಾಡ್ತಿದ್ದದ್ದು ಏನು? ಫ್ಯಾಕ್ಟರಿ ಕೊಟ್ಟದ್ದನ್ನ ತೆಗೀತಿರಲಿಲ್ಲ. ಆಮೇಲೆ ತುಂಬಿಕೊಂಡದ್ದನ್ನ ತೆಗೀತಿದ್ದ.

ಏರ್ ಫಿಲ್ಟರಿನದೂ ಹಂಗೇ. ಚೇತಕ್‌ನ ಫಿಲ್ಟರ್ ಅಂದ್ರೆ ತಂತಿ ಜಾಲರಿ. ಮಿಸ್ತ್ರಿ ಅದನ್ನ ಪೆಟ್ರೋಲಿನಲ್ಲಿ ಅದ್ದಿ, ತೊಳೆದು, ಊದಿ, ಮತ್ತೆ ಹಾಕ್ತಿದ್ದ. ಧೂಳಿನ ಊರು, ತಿಂಗಳಿಗೊಮ್ಮೆ ತೊಳೀಲೇಬೇಕು. “ಫಿಲ್ಟರ್ ತೊಳೆದ್ರೆ ಗಾಡಿ ಹಗುರ ಆಗ್ತದ” ಅನ್ನೋದೂ ಆ ಕಾಲದ ಸತ್ಯ.

ಈಗ ನನ್ನ ಕಥೆ. 1990ರ ದಶಕದ ನಡುವೆ. ನಮ್ಮಪ್ಪನ ಚೇತಕ್ ನನ್ನ ಕೈಗೆ ಬಂದ ಮೊದಲ ಬೇಸಿಗೆ. ಗೆಳೆಯರು ಹೇಳಿದ್ರು, ತೊಳೆದ್ರೆ ಅಷ್ಟು ಹಗುರ ಆಗ್ತದ ಅಂದ್ರೆ, ಫಿಲ್ಟರೇ ಇಲ್ಲದಿದ್ರೆ ಎಷ್ಟು ಆಗಬೇಕು? ಆ ವಯಸ್ಸಿಗೆ ಅದು ಲೆಕ್ಕ ಅನಿಸ್ತು. ಫಿಲ್ಟರ್ ತೆಗೆದು ಡಿಕ್ಕಿಯಲ್ಲಿಟ್ಟೆ. ಕಾರ್ಬೋರೇಟರಿನಿಂದ ಒಂದು ಹೊಸ ಸದ್ದು ಬಂತು. ಬೋರ್ರ್ ಅಂತ ಗಾಳಿ ಎಳೆಯೋ ಸದ್ದು. ಸದ್ದು ಕೇಳಿದ್ರೇನೇ ಸ್ಪೀಡು ಜಾಸ್ತಿ ಆದಂಗೆ ಅನಿಸ್ತದೆ, ಇದನ್ನ ನೆನಪಿಡ್ರಿ. ಆ ಬೇಸಿಗೆಯೆಲ್ಲ ಗಬ್ಬೂರು, ದೇವದುರ್ಗ ಅಂತ ಮದುವೆ, ಜಾತ್ರೆ ಸುತ್ತಿದೆ. ಮಳೆಗಾಲದ ಹೊತ್ತಿಗೆ ಗಾಡಿ ಎಳೀತಿರಲಿಲ್ಲ. ಮಿಸ್ತ್ರಿ ಹೆಡ್ ಬಿಚ್ಚಿದ. ಸಿಲಿಂಡರಿನ ಗೋಡೆ ಮೇಲೆ ಮೇಲಿಂದ ಕೆಳಗೆ ಗೆರೆ, ಬೆಕ್ಕು ಪರಚಿದಂಗೆ. ಬೆರಳಿಗೆ ಅಂಟಿದ ಕರೀ ಪೇಸ್ಟನ್ನ ತಿಕ್ಕಿ ನೋಡಿದ, ಚರಚರ ಅಂತು. ಎರೆಮಣ್ಣು. ಅವನು ನನ್ನ ಮುಖ ನೋಡಿದ, ಡಿಕ್ಕಿ ತೆಗಿ ಅಂದ. ಫಿಲ್ಟರ್ ಅಲ್ಲೇ ಇತ್ತು, ಸ್ವಚ್ಛವಾಗಿ.

ಲೇತಿಗೆ ಕೊಟ್ಟು ಬೋರಿಂಗ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಬೇಕಾಯ್ತು. ಆ ತಿಂಗಳ ರೇಷನ್ನಿನ ರೊಕ್ಕ ಅದಕ್ಕೇ ಹೋಯ್ತು. ಅಪ್ಪ ಬೈಲಿಲ್ಲ. ಹದಿನೈದು ದಿನ ಊಟದ ಡಬ್ಬಿ ಹಿಡ್ಕೊಂಡು ನಡ್ಕೊಂಡು ಬಸ್‌ಸ್ಟ್ಯಾಂಡಿಗೆ ಹೋದ. ಬೈದಿದ್ರೆ ಚಲೋ ಇತ್ತು.

ಸರಿ, ನೀವು ಕೇಳಬಹುದು: ಹಂಗಾದ್ರೆ ರೇಸಿನ ಗಾಡಿಗಳು? ಅವರು ಸೈಲೆನ್ಸರ್ ಬದಲಿಸಿ ಪವರ್ ತೆಗೀತಾರಲ್ಲ? ತೆಗೀತಾರೆ. ಅದರ ಇತಿಹಾಸ ಸಿನಿಮಾ ಮಾಡಬಹುದು ಅಷ್ಟು ಚೆನ್ನಾಗಿದೆ.

ಟೂ ಸ್ಟ್ರೋಕ್ ಎಂಜಿನ್ನಿನ ದೊಡ್ಡ ರೋಗ ಏನಂದ್ರೆ, ಒಳಗೆ ಬಂದ ಹೊಸ ಪೆಟ್ರೋಲ್ ಮಿಶ್ರಣದ ಒಂದು ಪಾಲು ಉರಿಯೋ ಮೊದಲೇ ಎಕ್ಸಾಸ್ಟ್ ಬಾಗಿಲಿನಿಂದ ಹೊರಗೆ ಜಾರಿಬಿಡ್ತದೆ. ಪೂರ್ವ ಜರ್ಮನಿಯ ಎಂಜ಼ಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಅಂತ ಒಬ್ಬ ಎಂಜಿನಿಯರ್ ಇದ್ದ. 1950ರ ದಶಕದಲ್ಲಿ ಅವನು ಸೈಲೆನ್ಸರ್ ಕೊಳವೆಗೆ ಹೊಟ್ಟೆ ಕೊಟ್ಟ. ಮೊದಲು ಅಗಲ ಆಗ್ತಾ ಹೋಗಿ, ಆಮೇಲೆ ಸಣ್ಣದಾಗೋ ಆಕಾರ. ಹೊಗೆ ಬಾಗಿಲು ತೆಗೆದ ಕೂಡಲೇ ಒಂದು ಒತ್ತಡದ ಅಲೆ ಕೊಳವೆಯಲ್ಲಿ ಓಡ್ತದೆ. ಅಗಲದ ಜಾಗದಲ್ಲಿ ಅದು ಹಿಂದಕ್ಕೆ ಎಳೆಯೋ ಅಲೆಯನ್ನ ಕಳಿಸ್ತದೆ, ಒಳಗಿನ ಹೊಗೆ ಬೇಗ ಹೊರಗೆ ಬರ್ತದೆ. ಮುಂದೆ ಸಣ್ಣದಾಗೋ ಜಾಗಕ್ಕೆ ಬಡಿದು ಒತ್ತೋ ಅಲೆಯಾಗಿ ವಾಪಸ್ ಬಂದು, ಜಾರಿ ಹೊರಬಂದ ಹೊಸ ಮಿಶ್ರಣವನ್ನ ಬಾಗಿಲು ಮುಚ್ಚೋ ಮೊದಲು ಮತ್ತೆ ಒಳಗೆ ತಳ್ತದೆ. ಬಾವಿಯಲ್ಲಿ ಕೂಗಿದ್ರೆ ಧ್ವನಿ ವಾಪಸ್ ಬರ್ತದಲ್ಲ, ಹಂಗೆ. ಆ ಪ್ರತಿಧ್ವನಿ ಸರಿಯಾದ ಕ್ಷಣಕ್ಕೆ ಬರೋ ಹಂಗೆ ಕೊಳವೆಯ ಉದ್ದ ಅಳೆದ. 1961ಕ್ಕೆ ಅವನ 125 ಸಿಸಿ ರೇಸ್ ಎಂಜಿನ್ 25 ಅಶ್ವಶಕ್ತಿ ಕೊಡ್ತಿತ್ತು. ಲೀಟರಿಗೆ 200 ಅಶ್ವಶಕ್ತಿಯ ಲೆಕ್ಕ. ಟರ್ಬೋ, ಸೂಪರ್‌ಚಾರ್ಜರ್ ಏನೂ ಇಲ್ಲದೆ ಅಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ ಎಂಜ಼ಡ್‌ನ ಸವಾರ ಎರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ವಾಪಸ್ ಬರಲೇ ಇಲ್ಲ. ಹೆಂಡತಿ ಮಕ್ಕಳನ್ನ ಕಾರಿನಲ್ಲಿ ಬಚ್ಚಿಟ್ಟು ಗಡಿ ದಾಟಿಸಿದ್ರು. ಆ ಎಂಜಿನ್ನಿನ ಗುಟ್ಟು ಅವನ ಜತೆ ಜಪಾನಿನ ಸುಜುಕಿಗೆ ಹೋಯ್ತು. 1962ರಲ್ಲಿ ಡೆಗ್ನರ್ ಸುಜುಕಿ ಮೇಲೆ 50 ಸಿಸಿ ವಿಶ್ವ ಚಾಂಪಿಯನ್. ಆ ವಿದ್ಯೆ ಜಪಾನಿನ ಎಲ್ಲ ಕಂಪನಿಗಳ ಟೂ ಸ್ಟ್ರೋಕ್‌ಗಳಿಗೂ ಹಬ್ಬಿತು. 1985ರಲ್ಲಿ ನಮ್ಮಲ್ಲಿಗೆ ಬಂದ ಯಮಹಾ ಆರ್‌ಎಕ್ಸ್ 100ರ ಸೈಲೆನ್ಸರಿನ ಹೊಟ್ಟೆಯಲ್ಲಿ ಇರೋದು ಅದೇ ವಂಶದ ವಿದ್ಯೆ. 98 ಸಿಸಿ, 11 ಅಶ್ವಶಕ್ತಿ. 145 ಸಿಸಿಯ ಚೇತಕ್‌ನಲ್ಲಿ ಅದಕ್ಕಿಂತ ಕಮ್ಮಿ. ಹೆಚ್ಚು ಗಾಳಿ ಹಿಡಿಸೋ ಎಂಜಿನ್ ಗೆಲ್ಲಲಿಲ್ಲ, ಉಸಿರಾಟದ ತಾಳ ಗೊತ್ತಿದ್ದ ಎಂಜಿನ್ ಗೆಲ್ತು.

ಗಮನಿಸ್ರಿ, ಕಾಡೆನ್ ಸೈಲೆನ್ಸರನ್ನ ಖಾಲಿ ಮಾಡಲಿಲ್ಲ. ಒಂದೊಂದು ಮಿಲಿಮೀಟರ್ ಅಳೆದು ಕಟ್ಟಿದ. “ಬ್ಯಾಕ್ ಪ್ರೆಶರ್ ಬೇಕು”, “ಬ್ಯಾಕ್ ಪ್ರೆಶರ್ ಬೇಡ” ಅಂತ ನಮ್ಮ ಹುಡುಗರು ಜಗಳ ಆಡ್ತಾರಲ್ಲ, ಎರಡೂ ಅರ್ಧ ಮಾತು. ಯಾವ ಅಲೆ ಯಾವ ಹೊತ್ತಿಗೆ ವಾಪಸ್ ಬರ್ತದೆ ಅನ್ನೋದೇ ಪೂರ್ತಿ ಮಾತು. ಎಲ್ಲಿ ಕೊಯ್ಯಬೇಕು ಅಂತ ಅಳತೆ ಇಲ್ಲದೆ ಕೊಯ್ದ ಸೈಲೆನ್ಸರ್, ಒಡೆದ ಕೊಳಲಿದ್ದಂಗೆ. ಗಾಳಿ ಸರಾಗ ಹೋಗ್ತದೆ, ರಾಗ ಬರಲ್ಲ.

ಟೂ ಸ್ಟ್ರೋಕ್ ಸ್ಕೂಟರುಗಳ ಕಾಲ ಮುಗಿಸಿದ್ದು ಹೊಗೆಯ ಕಾನೂನು. 1991ರಿಂದ ಶುರುವಾಗಿ 2000ಕ್ಕೆ ಬಿಗಿಯಾಗ್ತಾ ಹೋಯ್ತು. ಹೋಂಡಾ ಆ್ಯಕ್ಟಿವಾ ಬಂತು, ಫೋರ್ ಸ್ಟ್ರೋಕ್, ಗೇರಿಲ್ಲ. ಬಜಾಜ್ 2009ರಲ್ಲಿ ಸ್ಕೂಟರ್ ತಯಾರಿಯನ್ನೇ ನಿಲ್ಲಿಸ್ತು. 2013ರಿಂದ ಕೋಲಾರ ಜಿಲ್ಲೆಯ ನರಸಾಪುರದ ಹೋಂಡಾ ಫ್ಯಾಕ್ಟರಿಯಿಂದ ನಮ್ಮ ರಾಜ್ಯದಲ್ಲೇ ಗಾಡಿಗಳು ಹೊರಬರೋಕೆ ಶುರುವಾದವು. ಗಾಡಿ ಬದಲಾಯ್ತು. ಮಾತು ಬದಲಾಗಲಿಲ್ಲ.

ಫೋರ್ ಸ್ಟ್ರೋಕಿನಲ್ಲಿ ಎಣ್ಣೆ ಉರಿಯೋದಿಲ್ಲ, ಎಂಜಿನ್ ಸರಿಯಿದ್ರೆ. ಹಂಗಾಗಿ ಸೈಲೆನ್ಸರ್ ಕಟ್ಟಿಕೊಳ್ಳೋದೂ ಇಲ್ಲ. ಸುಡೋಕೆ, ಬಡಿಯೋಕೆ ಒಳಗೆ ಏನೂ ಇಲ್ಲ. ಅಲ್ಲಿರೋದು ಸದ್ದು ಅಡಗಿಸೋ ತಗಡಿನ ಕೋಣೆಗಳು, ಅದರ ಜತೆಗೆ ಕ್ಯಾಟಲಿಟಿಕ್ ಕನ್ವರ್ಟರ್. ಜೇನುಗೂಡಿನಂಥ ಒಂದು ತುಂಡು. ವಿಷದ ಹೊಗೆಯನ್ನ ಕಮ್ಮಿ ವಿಷದ್ದಾಗಿ ಮಾಡೋ ಪ್ಲಾಟಿನಂ ಜಾತಿಯ ಲೋಹ ಅದರ ಮೇಲೆ ಲೇಪಿಸಿರ್ತಾರೆ. ಕೊಯ್ದು ತೆಗೆದು ಗುಜರಿಗೆ ಹಾಕೋದು ಇದನ್ನೇ.

ಏರ್ ಫಿಲ್ಟರ್ ಈಗ ತಂತಿಯದಲ್ಲ, ಜಿಡ್ಡು ಹಾಕಿದ ಕಾಗದದ್ದು. ಧೂಳು ಆ ಜಿಡ್ಡಿಗೆ ಅಂಟ್ಕೋತದೆ. ಇದನ್ನ ತೊಳೀಬಾರದು, ಏರ್ ಹೊಡೆದು ಊದಬಾರದು. ಅವಧಿ ಮುಗಿದ ಮೇಲೆ ಬದಲಿಸಬೇಕು. ಆದ್ರೆ ನಮ್ಮ ಕಡೆ ಎಷ್ಟೋ ಗ್ಯಾರೇಜಿನಲ್ಲಿ ಇವತ್ತಿಗೂ ಏರ್ ಹೊಡೀತಾರೆ. ಕೈಗೆ ಚೇತಕ್‌ನ ಅಭ್ಯಾಸ. ಜಿಡ್ಡು ಹಾರಿಹೋಗ್ತದೆ, ಕಾಗದ ಅಲ್ಲಲ್ಲಿ ಹರೀತದೆ, ನೋಡೋಕೆ ಮಾತ್ರ ಸ್ವಚ್ಛ. ಕೋನ್ ಫಿಲ್ಟರಿನದು ಇನ್ನೊಂದು ಕಥೆ. ಫ್ಯಾಕ್ಟರಿಯ ಡಬ್ಬಿ ಎತ್ತರದ, ಮರೆಯ ಜಾಗದಿಂದ ಗಾಳಿ ತಗೊಂಡು ಒಂದೇ ಸಮ ಕೊಡ್ತದೆ. ಅದನ್ನ ಕಿತ್ತು ಕೋನ್ ಹಾಕಿದ್ರೆ, ಎಂಜಿನ್ ಪಕ್ಕದ ಬಿಸಿ ಗಾಳಿ, ಹಿಂದಿನ ಚಕ್ರದ ಧೂಳು ನೇರ ಅದಕ್ಕೇ.

ಹಳೇ ಕಾರ್ಬೋರೇಟರ್ ಸ್ಕೂಟರಿಗೆ ಗಾಳಿ ಜಾಸ್ತಿಯಾಗಿ, ಜೆಟ್ ಬದಲಿಸದೆ ಬಿಟ್ರೆ, ಪೆಟ್ರೋಲ್ ಪಾಲು ಕಮ್ಮಿ ಆಗ್ತದೆ. ಎಂಜಿನ್ ಇನ್ನೂ ಬಿಸಿ ಆಗ್ತದೆ. ಅದೂ ರಾಯಚೂರಿನ ಮೇ ತಿಂಗಳಲ್ಲಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಗಾಡಿಗಳಲ್ಲಿ ಸೆನ್ಸರ್ ಇದೆ, ಸ್ವಲ್ಪ ಮಟ್ಟಿಗೆ ಅದೇ ಸರಿಪಡಿಸ್ಕೋತದೆ. ಅಂದ್ರೆ ನೀವು ರೊಕ್ಕ ಕೊಟ್ಟು ಮಾಡಿಸಿದ್ದನ್ನ ಗಾಡಿನೇ ರದ್ದು ಮಾಡೋಕೆ ನೋಡ್ತದೆ. ಮೇಲಾಗಿ ಗೇರಿಲ್ಲದ ಸ್ಕೂಟರಿನಲ್ಲಿ ಬೆಲ್ಟು, ರೋಲರ್‌ಗಳು ಎಂಜಿನ್ನನ್ನ ಒಂದು ವೇಗದ ಹತ್ತಿರವೇ ತಿರುಗಿಸ್ತವೆ. ಮೇಲಿನ ಆರ್‌ಪಿಎಂನಲ್ಲಿ ಅರ್ಧ ಅಶ್ವಶಕ್ತಿ ಹುಟ್ಟಿದ್ರೂ ಅಲ್ಲಿಗೆ ಎಂಜಿನ್ ಹೋಗೋದೇ ಅಪರೂಪ.

ಅಳಿಯನಿಗೆ ಇದೆಲ್ಲ ಹೇಳಿದೆ. ಅವನ ಉತ್ತರ: “ಮತ್ತ ಮಧ್ಯಾಹ್ನ ಯಾಕ ಎಳೆಂಗಿಲ್ಲ ಮಾಮಾ? ಮುಂಜಾನಿ ಚಂದ ಓಡ್ತದ.” ಪ್ರಶ್ನೆ ಸರಿಯಾದದ್ದೇ. ಬಿಸಿ ಗಾಳಿ ತೆಳ್ಳಗಿರ್ತದೆ. ಚಳಿಗಾಲದ ಬೆಳಗಿನ 17 ಡಿಗ್ರಿಗೆ ಹೋಲಿಸಿದ್ರೆ 44 ಡಿಗ್ರಿಯ ಅದೇ ಒಂದು ಲೀಟರ್ ಗಾಳಿಯಲ್ಲಿ ನೂರಕ್ಕೆ ಎಂಟು ಪಾಲು ಗಾಳಿ ಕಮ್ಮಿ. ಇದಕ್ಕೆ ಯಾವ ಸೈಲೆನ್ಸರೂ ಔಷಧ ಅಲ್ಲ. ಸೂರ್ಯ ಇಳಿಯೋ ತನಕ ಕಾಯೋದೊಂದೇ.

ಕಾನೂನು ಚುಟುಕಾಗಿ ಹೇಳಿಬಿಡ್ತೀನಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋದನ್ನ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೀತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡ್ತು. ಶಬ್ದ, ಹೊಗೆಯ ಮಿತಿ ಮೀರಿದ್ರೆ 190ನೇ ಕಲಂ ಪ್ರಕಾರ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಜೈಲು ಕೂಡ ಇದೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಸೈಲೆನ್ಸರುಗಳನ್ನ ಸಾಲಾಗಿಟ್ಟು ರೋಡ್ ರೋಲರ್ ಹಾಯಿಸಿದ ವಿಡಿಯೋ ನೀವೂ ನೋಡಿರ್ತೀರಿ. ನನಗೆ ಆ ವಿಡಿಯೋ ನೋಡಿದ್ರೆ ಖುಷಿ ಆಗಲ್ಲ. ಕೊಯ್ದು ಕೊಟ್ಟವನ ಅಂಗಡಿ ಹಂಗೇ ತೆರೆದಿರ್ತದೆ, ಹುಡುಗನ ಅಪ್ಪ ಮತ್ತೊಂದು ಸೈಲೆನ್ಸರಿಗೆ ರೊಕ್ಕ ಹೊಂದಿಸ್ತಿರ್ತಾನೆ. ಆದ್ರೆ ರಾತ್ರಿ ಹತ್ತೂವರೆಗೆ ಆ ಸದ್ದಿಗೆ ತೊಟ್ಟಿಲಲ್ಲಿ ಬೆಚ್ಚಿಬೀಳೋ ಕೂಸು, ಬಿಪಿ ಇರೋ ಅಜ್ಜಿ, ಅವರ ಕಡೆಯಿಂದ ಯಾರು ಮಾತಾಡಬೇಕು ಅಂತಾನೂ ಅನಿಸ್ತದೆ.

ಕಳೆದ ಭಾನುವಾರ ಮಾನ್ವಿಗೆ ಹೋಗಿದ್ದೆ. ಅಕ್ಕನ ಮನೆ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಅಳಿಯನ ಸ್ಕೂಟರಿನ ಫಿಲ್ಟರ್ ಡಬ್ಬಿಯ ಸ್ಕ್ರೂ ನಾವಿಬ್ಬರೂ ಸೇರಿ ಬಿಚ್ಚಿದ್ವಿ. ಗಾಡಿ ತಗೊಂಡಾಗಿಂದ ಬದಲಿಸಿದ ನೆನಪು ಅವನಿಗಿಲ್ಲ. ಕಾಗದದ ಮಡಿಕೆಗಳ ನಡುವೆ ಎರೆಮಣ್ಣಿನ ಬಣ್ಣ. ಬೆರಳಲ್ಲಿ ತಟ್ಟಿದ್ರೆ ಭತ್ತದ ಹೊಟ್ಟು ಉದುರ್ತು. ಒಂದು ಮೂಲೆಯಲ್ಲಿ ಹಿಡಿಯಷ್ಟು ಹತ್ತಿ, ಯಾವುದೋ ಇಲಿ ತಂದಿಟ್ಟಿದ್ದು. ಸೈಲೆನ್ಸರ್ ಮೇಲೆ ಅನುಮಾನ ಪಡ್ತಿದ್ದ ಹುಡುಗ ಅದನ್ನ ಕೈಯಲ್ಲಿ ಹಿಡ್ಕೊಂಡು ಸುಮ್ಮನೆ ನೋಡಿದ.

ಹೊಸ ಫಿಲ್ಟರ್ ನಾನೇ ಕೊಡಿಸಿದೆ. ಸೈಲೆನ್ಸರ್ ಕೊಯ್ಸೋಕೆ ಅವನು ಕೇಳಿದ್ದ ರೊಕ್ಕದಲ್ಲಿ ಅದನ್ನ ತಗೊಂಡು ಇನ್ನೂ ಉಳೀತು. ಹಾಕಿ, ಕಾಲುವೆ ರೋಡಿನಲ್ಲಿ ಒಂದು ಸುತ್ತು ಹೊಡ್ಕೊಂಡು ಬಂದ. ಹೆಂಗದ ಅಂದೆ. “ಚಲೋ ಅದ ಮಾಮಾ. ಆದ್ರ ಸದ್ದೇ ಇಲ್ಲಲ್ಲ.”

ಹಳೇ ಫಿಲ್ಟರನ್ನ ಅಕ್ಕ ಕಸದ ಬುಟ್ಟಿಗೆ ಹಾಕೋಕೆ ಹೋದ್ಲು. ನಾನು ಕೇಳಿ ಇಸ್ಕೊಂಡೆ. ಈಗ ಇಲ್ಲೇ, ಮೈಕಿನ ಪಕ್ಕದಲ್ಲಿದೆ. ತಟ್ಟಿದ್ರೆ ಇನ್ನೂ ಧೂಳು ಬರ್ತದೆ.

[ಫಿಲ್ಟರ್ ತಟ್ಟುವ ಸದ್ದು]